ನಾಲ್ಕನೇ ಪುಟದಲ್ಲಿ ನಿಂತ ಕಥೆಗೆ ನಾಲ್ಕು ಮದ್ದು ಮಾಡಿ ನೋಡಿದೆ

ಕಳೆದ ಡಿಸೆಂಬರ್‌ನಲ್ಲಿ ಯುಗಾದಿ ವಿಶೇಷಾಂಕಕ್ಕೆ ಅಂತ ಒಂದು ಕಥೆ ಹಿಡಿದಿದ್ದೆ. ಜನವರಿ ಕೊನೆಯೊಳಗೆ ಕಳಿಸಬೇಕಿತ್ತು. ಶರಾವತಿ ಮುಳುಗಡೆಯಲ್ಲಿ ಮನೆ ಕಳೆದುಕೊಂಡು ಶಿವಮೊಗ್ಗದ ಕಡೆ ಬಂದು ನೆಲೆಸಿದ ಒಬ್ಬ ಮುದುಕಿಯ ಕಥೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಅವಳಿಗೆ ಇಪ್ಪತ್ತು. ಈಗ ಎಂಬತ್ತು ದಾಟಿದ ಮೇಲೆ, ಹಳೇ ಮನೆಯ ಜಾಗ ನೋಡಲೇಬೇಕು ಅಂತ ಹಟ ಹಿಡಿದು ಮೊಮ್ಮಗನ ಜೊತೆ ಹೊರಡುತ್ತಾಳೆ. ಮೂರು ಪುಟ ಸಲೀಸಾಗಿ ಬಂತು. ನಾಲ್ಕನೇ ಪುಟದಲ್ಲಿ ಹಿನ್ನೀರಿನ ದಡಕ್ಕೆ ಬಂದು ಕಾರಿನಿಂದ ಇಳಿದಳು. ಇಳಿದವಳು ಅಲ್ಲೇ ನಿಂತಳು. ವಾರಗಟ್ಟಲೆ ನಿಂತೇ ಇದ್ದಳು.

ಇದಕ್ಕೆ ‘ರೈಟರ್ಸ್ ಬ್ಲಾಕ್’ ಅಂತ ಹೆಸರಿಟ್ಟವನು ಎಡ್ಮಂಡ್ ಬರ್ಗ್ಲರ್ ಅನ್ನುವ ಮನೋವಿಶ್ಲೇಷಕ, 1940ರ ದಶಕದಲ್ಲಿ. ಮೂಲ ಕಾರಣವನ್ನು ಅವನು ಹುಡುಕಿದ್ದು ಎಲ್ಲಿ ಗೊತ್ತಾ? ಎಳೆಗೂಸಿಗೆ ತಾಯಿ ಹಾಲು ಸಿಗದ ಸಿಟ್ಟಿನಲ್ಲಿ. ಇದನ್ನು ಅಮ್ಮನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಕಾರಣ ಬಿಟ್ಟು ಮದ್ದಿನ ಹಿಂದೆ ಹೋದೆ.

ಮೊದಲು ಮಾಡಿದ್ದು ಬೆಳಗಿನ ಮೂರು ಪುಟ. ಅಮೆರಿಕದ ಜೂಲಿಯಾ ಕ್ಯಾಮರೂನ್ 1990ರ ದಶಕದಲ್ಲಿ ಜನಪ್ರಿಯ ಮಾಡಿದ ಪದ್ಧತಿ. ಎದ್ದ ಕೂಡಲೇ ಕೈಬರಹದಲ್ಲಿ ಮೂರು ಪುಟ, ಮನಸ್ಸಿಗೆ ಬಂದದ್ದೆಲ್ಲ. ಹನ್ನೆರಡು ದಿನ ಬಿಡದೆ ಬರೆದೆ. ದಿನಕ್ಕೆ ಮುಕ್ಕಾಲು ಗಂಟೆ. ಮೂವತ್ತಾರು ಪುಟದಲ್ಲಿ ಇದ್ದದ್ದೇನು? ನಲ್ಲಿಯಲ್ಲಿ ನೀರು ಬರಲಿಲ್ಲ, ಹಾಲು ಒಡೆಯಿತು, ಚಳಿ ಜಾಸ್ತಿ, ಆಫೀಸಿನಲ್ಲಿ ಇಂಥವರು ಹೀಗಂದರು. ಮುದುಕಿ ಒಂದು ಸಲವೂ ಬರಲಿಲ್ಲ. ತಪ್ಪು ಪದ್ಧತಿಯದಲ್ಲ. ಅದು ಅಂಗಳ ಗುಡಿಸುವ ಕೆಲಸ. ಮನೆ ಚಿಂತೆ ತಲೆಯಲ್ಲಿ ತುಂಬಿಕೊಂಡು ಬರೆಯಲು ಆಗದವರಿಗೆ ಒಳ್ಳೆಯದು. ನನ್ನ ಅಂಗಳದಲ್ಲಿ ಕಸ ಕಡಿಮೆಯೇ ಇತ್ತು ಅಂತ ಕಾಣುತ್ತೆ.

ಎರಡನೆಯದು ಟೊಮೇಟೊ ಗಡಿಯಾರ. ಇಟಲಿಯ ಫ್ರಾನ್ಚೆಸ್ಕೊ ಚಿರಿಲ್ಲೊ ಓದುವ ದಿನಗಳಲ್ಲಿ ಅಡುಗೆಮನೆಯ ಟೊಮೇಟೊ ಆಕಾರದ ಟೈಮರ್ ಇಟ್ಟುಕೊಂಡು ಶುರು ಮಾಡಿದ್ದಂತೆ. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ನಾನು ಮೊಬೈಲಿನಲ್ಲೇ ಇಟ್ಟುಕೊಂಡೆ. ಕೆಲಸವಂತೂ ಆಯಿತು, ಸುಳ್ಳು ಹೇಳಲ್ಲ. ಎರಡು ದಿನದಲ್ಲಿ ಎಂಟು ಸುತ್ತು. ಆದರೆ ಏನು ಕೆಲಸ? ಮೊದಲ ಪುಟದ ಮೊದಲ ವಾಕ್ಯವನ್ನು ಹನ್ನೊಂದು ಸಲ ತಿದ್ದಿದ್ದೆ. ‘ಇಬ್ಬನಿಯಲ್ಲಿ ಅಡಿಕೆ ಮರಗಳು ಅರ್ಧ ಮಾತ್ರ ಇದ್ದವು’ ಅನ್ನುವ ವಾಕ್ಯ ಅದು. ‘ಅರ್ಧ ಮಾತ್ರ’ವೋ, ‘ಅರ್ಧವೇ’ಯೋ ಅನ್ನುವುದರಲ್ಲಿ ಒಂದು ಟೊಮೇಟೊ ಪೂರ್ತಿ ಖರ್ಚು. ತಿದ್ದುವುದೂ ಕೆಲಸವೇ ಅಂತ ಗಡಿಯಾರ ಲೆಕ್ಕ ಹಾಕುತ್ತೆ. ಪಾಪ, ಅದಕ್ಕೇನು ಗೊತ್ತು.

1980ರಲ್ಲಿ ಮೈಕ್ ರೋಸ್ ಅನ್ನುವ ಮೇಷ್ಟ್ರು ಹತ್ತು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಮಾತಾಡಿಸಿ ಒಂದು ಲೇಖನ ಬರೆದರು. ಐದು ಜನಕ್ಕೆ ಬರೆಯುವಾಗ ಕಟ್ಟಿಕೊಳ್ಳುತ್ತಿತ್ತು, ಐದು ಜನಕ್ಕೆ ಇಲ್ಲ. ಕಟ್ಟಿಕೊಳ್ಳುವವರು ಯಾವುದೋ ನಿಯಮವನ್ನು ದೇವರ ಮಾತಿನ ಹಾಗೆ ಹಿಡಿದುಕೊಂಡಿದ್ದರು. ಮೊದಲ ಪ್ಯಾರಾ ಪಕ್ಕಾ ಆಗದೆ ಮುಂದೆ ಹೋಗಬಾರದು, ಹಾಗೆ. ಓದಿ ನಾಚಿಕೆಯಾಯಿತು. ನನ್ನದೂ ಅದೇ ರೋಗ ಅಲ್ವಾ?

ಹಾಗಾಗಿ ಟೊಮೇಟೊ ಜೊತೆ ಇನ್ನೊಂದು ಸೇರಿಸಿದೆ. ಪೀಟರ್ ಎಲ್ಬೋ 1970ರ ದಶಕದಲ್ಲಿ ಹೇಳಿಕೊಟ್ಟ ಕ್ರಮ: ಹತ್ತು ನಿಮಿಷ ಕೈ ನಿಲ್ಲಿಸದೆ ಬರೆಯಬೇಕು, ಅಳಿಸಬಾರದು, ಏನೂ ತೋಚದಿದ್ದರೆ ‘ತೋಚುತ್ತಿಲ್ಲ’ ಅಂತಲೇ ಬರೆಯಬೇಕು. ಮೊದಲ ದಿನ ‘ತೋಚುತ್ತಿಲ್ಲ’ ಹದಿನಾಲ್ಕು ಸಲ ಬಂತು. ಎರಡನೇ ದಿನ ಮೊಮ್ಮಗ ಬಾಯಿಬಿಟ್ಟ. ‘ಅಜ್ಜಿ, ಬಿಸಿಲಿಗೆ ನಿಲ್ಬೇಡ’ ಅಂದ. ಅಷ್ಟೇ. ಆದರೂ ಈ ಎರಡರ ಜೋಡಿ ಒಂಟಿ ಟೊಮೇಟೊಗಿಂತ ಎಷ್ಟೋ ವಾಸಿ. ವರದಿ, ಅಂಕಣ, ಅನುವಾದ ಇದ್ದರೆ ನಾನು ಕಣ್ಣು ಮುಚ್ಚಿ ಇದನ್ನೇ ಹಿಡಿಯುತ್ತೇನೆ.

ನಡಿಗೆ ಮೂರನೆಯದು. ಇದು ನನಗೆ ಇಷ್ಟವಾದದ್ದು, ಹಾಗಾಗಿ ಸ್ವಲ್ಪ ಪಕ್ಷಪಾತ ಇರಬಹುದು. ಬೆಳಿಗ್ಗೆ ಆರೂವರೆಗೆ ಹೊಳೆ ಬಸ್‌ಸ್ಟಾಪ್ ಕಡೆಯಿಂದ ತುಂಗಾ ಸೇತುವೆ ದಾಟಿ ವಾಪಸ್. ಡಿಸೆಂಬರ್‌ನಲ್ಲಿ ಹೊಳೆಯ ಮೇಲೆ ಮಂಜು ಕೂತಿರುತ್ತೆ. 2014ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ಸಂಶೋಧಕರು, ಕೂತವರಿಗಿಂತ ನಡೆಯುವವರಿಗೆ ಹೊಸ ಯೋಚನೆ ಜಾಸ್ತಿ ಹೊಳೆಯುತ್ತದೆ ಅಂತ ತೋರಿಸಿದರು. ಖಾಲಿ ಗೋಡೆ ನೋಡುತ್ತಾ ಟ್ರೆಡ್‌ಮಿಲ್ ಮೇಲೆ ನಡೆದರೂ ಅದೇ ಗುಣ. ಆದರೆ ಒಂದೇ ಸರಿಯುತ್ತರ ಇರುವ ಪ್ರಶ್ನೆಗೆ ನಡಿಗೆಯಿಂದ ಅಷ್ಟು ಉಪಯೋಗ ಕಾಣಲಿಲ್ಲ. ನನಗೂ ಹಾಗೇ ಆಯಿತು. ಒಂದು ವಾರ ನಡೆದದ್ದಕ್ಕೆ ಮೂರು ಹೊಸ ಕಥೆ ಹೊಳೆಯಿತು. ಹಳೇ ಕಥೆ ಒಂದು ಸಾಲೂ ಮುಂದೆ ಹೋಗಲಿಲ್ಲ. ಏನು ಬರೆಯಲಿ ಅಂತಲೇ ಗೊತ್ತಿಲ್ಲದವರು ನಡೆಯಿರಿ. ಅರ್ಧಕ್ಕೆ ನಿಂತವರಿಗೆ ಇದೊಂದು ತಪ್ಪಿಸಿಕೊಳ್ಳುವ ದಾರಿ. ಮಂಜು ನೋಡಿಕೊಂಡು ಆರಾಮಾಗಿ ತಪ್ಪಿಸಿಕೊಂಡೆ.

ಕೊನೆಗೆ ಬಾಯಲ್ಲಿ ಹೇಳುವುದು. ಮೊದಲು ಫೋನಿಗೆ ಹೇಳಿದೆ. ಕನ್ನಡದ ವಾಯ್ಸ್ ಟೈಪಿಂಗ್ ಈಗ ಪರವಾಗಿಲ್ಲ, ಆದರೆ ನಮ್ಮ ಕಡೆಯ ಮಾತು ಅದಕ್ಕೆ ತಿಳಿಯಲ್ಲ. ‘ತೋಟಕ್ಕೆ ಮಂಗ ಬಂತು’ ಅಂದರೆ ‘ತೋಟಕ್ಕೆ ಮಂಗಳ ಬಂತು’ ಅಂತ ಬರೆಯಿತು. ನಕ್ಕು ಬಿಟ್ಟುಬಿಟ್ಟೆ. ಆಮೇಲೆ ಆಫೀಸಿನ ಗೆಳತಿಗೆ ಕಾಫಿ ಹೊತ್ತಲ್ಲಿ ಇಡೀ ಕಥೆ ಹೇಳಿದೆ. ಅವಳು ‘ತುಂಬಾ ಚೆನ್ನಾಗಿದೆ’ ಅಂದಳು. ಸಂಜೆ ಬರೆಯಲು ಕೂತರೆ ಹುಮ್ಮಸ್ಸೇ ಇಲ್ಲ. ಹೇಳಿಯಾಯಿತಲ್ಲ, ಇನ್ನು ಬರೆಯುವುದು ಯಾಕೆ ಅನ್ನಿಸಿಬಿಟ್ಟಿತ್ತು.

ಆ ಶನಿವಾರ ತಾಳಗುಪ್ಪ ರೈಲು ಹತ್ತಿ ಸಾಗರದ ಹತ್ತಿರದ ಅಣ್ಣನ ಮನೆಗೆ ಹೋದೆ. ಕಥೆಯ ಸಲುವಾಗಿ ಅಲ್ಲ, ಅಡಿಕೆ ಸುಲಿಯಲು ಜನ ಸಾಲದು ಅಂತ ಅಣ್ಣ ಫೋನ್ ಮಾಡಿದ್ದ. ರಾತ್ರಿ ಊಟ ಮುಗಿಸಿ ಎಲ್ಲರೂ ಜಗುಲಿಯಲ್ಲಿ ಕೂತೆವು. ಅತ್ತಿಗೆ ಮೆಟ್ಟುಗತ್ತಿ ಮುಂದೆ ಕೂತರೆ ನೋಡಬೇಕು. ಹಸಿ ಅಡಿಕೆಯನ್ನು ಅಲಗಿಗೆ ಒತ್ತಿ ಒಂದು ತಿರುವು, ಇನ್ನೊಂದು ತಿರುವು, ಸಿಪ್ಪೆ ಅತ್ತ ಅಡಿಕೆ ಇತ್ತ. ಕೈ ನೋಡುವುದೇ ಇಲ್ಲ. ನಾನು ಒಂದು ಸುಲಿಯುವಷ್ಟರಲ್ಲಿ ಅವರದು ಐದಾಗಿರುತ್ತಿತ್ತು.

ಅತ್ತಿಗೆಯ ತವರು ತುಮರಿ ಕಡೆ. ಹಿನ್ನೀರು ನೋಡಿಕೊಂಡೇ ಬೆಳೆದವರು. ಈ ಸಲ ಇಡೀ ಕಥೆ ಹೇಳಲಿಲ್ಲ. ‘ಒಬ್ಬಳು ಮುದುಕಿ ಮುಳುಗಿದ ಮನೆ ನೋಡೋಕೆ ಬಂದು ದಡದಲ್ಲಿ ನಿಂತಿದಾಳೆ ಅತ್ತಿಗೆ, ಮುಂದೆ ಹೋಗ್ತಾನೇ ಇಲ್ಲ’ ಅಂದೆ, ಅಷ್ಟೇ.

‘ಯಾವ ತಿಂಗಳು?’ ಅಂದರು.

‘ದೀಪಾವಳಿ ಕಳೆದ ಮೇಲೆ.’

‘ಆಗ ನೀರು ತುಂಬಿರ್ತದೆ ಮಾರಾಯ್ತಿ. ಅವಳು ಎಂಥ ನೋಡೋದು, ಮೀನನ್ನಾ?’

ಜಗುಲಿಯೆಲ್ಲ ನಕ್ಕಿತು. ಅತ್ತಿಗೆಯ ಕೈ ಮಾತ್ರ ನಿಲ್ಲಲಿಲ್ಲ. ‘ಮೇ ತಿಂಗಳಲ್ಲಿ ಕರ್ಕೊಂಡು ಹೋಗು. ಆಗ ನೆಲ ಬಿಡ್ತದೆ. ನಮ್ಮಜ್ಜಿ ಒಂದ್ಸಲ ಹೋಗಿ ಅವರ ಮನೆ ಬಾವಿಕಟ್ಟೆ ಗುರುತು ಹಿಡ್ದಿದ್ರು.’

ಹೌದಲ್ಲ! ನೀರು ಪೂರಾ ಇಳಿದ ವರ್ಷ, ಅದೇ ಹಿನ್ನೀರಿನಲ್ಲಿ ಮುಳುಗಿದ ಹಳೇ ಹಿರೇಭಾಸ್ಕರ ಅಣೆಕಟ್ಟೇ ತಲೆ ಎತ್ತುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಇಬ್ಬನಿಯ ಆಸೆಗೆ ಮುದುಕಿಯನ್ನು ಚಳಿಗಾಲದಲ್ಲಿ ಹೊರಡಿಸಿದ್ದೆ. ಕಥೆ ನಿಂತದ್ದು ನಾಲ್ಕನೇ ಪುಟದಲ್ಲಿ, ತಪ್ಪಿದ್ದು ಒಂದನೇ ಪುಟದಲ್ಲಿ. ಮೂರು ಪುಟ, ಗಡಿಯಾರ, ನಡಿಗೆ ಯಾವುದೂ ‘ಯಾವ ತಿಂಗಳು’ ಅಂತ ಕೇಳಲಿಲ್ಲ. ಹತ್ತು ನಿಮಿಷದ ಬರಹದಲ್ಲಿ ಮೊಮ್ಮಗ ಬಿಸಿಲು ಅಂದಿದ್ದ, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾಗಾಗಿ ಯಾರಾದರೂ ಕೇಳಿದರೆ ನಾನು ಬಾಯಲ್ಲಿ ಹೇಳುವುದಕ್ಕೇ ಮೊದಲ ಸ್ಥಾನ ಕೊಡುತ್ತೇನೆ. ಆದರೆ ಪೂರ್ತಿ ಕಥೆ ಬೇಡ, ನಿಂತ ಜಾಗ ಮಾತ್ರ. ಅದೂ ಹೊಗಳುವವರ ಹತ್ತಿರ ಅಲ್ಲ, ಆ ಜಾಗ ಕಂಡವರ ಹತ್ತಿರ. ಅವರ ಕೈಗೆ ಬೇರೆ ಕೆಲಸ ಇದ್ದರೆ ಇನ್ನೂ ಒಳ್ಳೆಯದು, ಮುಲಾಜಿಲ್ಲದೆ ಕೇಳುತ್ತಾರೆ. ಎರಡನೇ ಸ್ಥಾನ ನಿಲ್ಲಿಸದೆ ಬರೆಯುವ ಹತ್ತು ನಿಮಿಷಕ್ಕೆ.

ಭಾನುವಾರ ರಾತ್ರಿ ಶಿವಮೊಗ್ಗಕ್ಕೆ ಬಂದು, ಅಡಿಕೆ ಕರೆ ಹಿಡಿದ ಕಪ್ಪು ಬೆರಳಲ್ಲೇ ಕೂತು ಮೂರೂ ಪುಟ ತೆಗೆದುಹಾಕಿದೆ. ಮುದುಕಿ ಮೇ ತಿಂಗಳ ಬಿಸಿಲಲ್ಲಿ ಇಳಿದು, ಬಿರುಕು ಬಿಟ್ಟ ಕೆಸರಿನ ಮೇಲೆ ಚಪ್ಪಲಿ ಬಿಟ್ಟು ನಡೆದಳು. ಒಂದು ವಾರದಲ್ಲಿ ಕಥೆ ಮುಗಿಯಿತು. ಇಬ್ಬನಿಯ ಆ ವಾಕ್ಯವನ್ನು ಮಾತ್ರ ಅಳಿಸಲಿಲ್ಲ, ಬೇರೆ ಫೈಲಿನಲ್ಲಿ ಇಟ್ಟಿದ್ದೇನೆ. ಹನ್ನೊಂದು ಸಲ ತಿದ್ದಿದ್ದು, ಹೊಟ್ಟೆ ಉರಿಯಲ್ವಾ?