ಕುಬರ್ನೆಟೀಸ್ ಜೊತೆ ಆರು ವರ್ಷ: ಏನು ಸಿಕ್ಕಿತು, ಎಲ್ಲಿ ಎಡವಿದೆವು

ರಾತ್ರಿ ಎರಡೂವರೆಗೆ ನಮ್ಮ ಒಂದು ಸರ್ವರ್ ಸತ್ತು ಹೋಗಿತ್ತು. ನನಗೆ ಗೊತ್ತಾಗಿದ್ದು ಬೆಳಿಗ್ಗೆ ಕಾಫಿ ಕುಡಿಯುತ್ತಾ ಲ್ಯಾಪ್‌ಟಾಪ್ ತೆಗೆದಾಗ. ಅದರ ಮೇಲಿದ್ದ ಪಾಡ್‌ಗಳೆಲ್ಲ (ಅಪ್ಲಿಕೇಶನ್‌ನ ಓಡುತ್ತಿರುವ ಪ್ರತಿಗಳು) ಬೇರೆ ಸರ್ವರ್‌ಗಳಲ್ಲಿ ಎದ್ದು ಕೆಲಸ ಮಾಡುತ್ತಿದ್ದವು. ಒಂದೇ ಒಂದು ದೂರು ಬಂದಿರಲಿಲ್ಲ. ಹಳೇ ದಿನಗಳಲ್ಲಾಗಿದ್ದರೆ ನಿದ್ದೆಗಣ್ಣಲ್ಲೇ ಲಾಗಿನ್ ಆಗಿ, ಸ್ಕ್ರಿಪ್ಟ್ ಓಡಿಸಿ, ಬೆಳಗಾಗುವವರೆಗೂ ಒದ್ದಾಡಬೇಕಿತ್ತು. ಹಲವು ಸರ್ವರ್‌ಗಳ ಮೇಲೆ ಅಪ್ಲಿಕೇಶನ್‌ಗಳನ್ನು ಓಡಿಸಿ ನೋಡಿಕೊಳ್ಳುವ ಕುಬರ್ನೆಟೀಸ್ ಅನ್ನೇ ಆರು ವರ್ಷದಿಂದ ನಂಬಿಕೊಂಡಿರುವುದಕ್ಕೆ ಆ ರಾತ್ರಿಯ ನಿದ್ದೆಯೇ ದೊಡ್ಡ ಕಾರಣ.

ಗೂಗಲ್ 2014ರಲ್ಲಿ ಇದನ್ನು ಓಪನ್ ಸೋರ್ಸ್ ಮಾಡಿತು, ಮರುವರ್ಷ 1.0 ಬಂತು. ಗ್ರೀಕ್‌ನಲ್ಲಿ ಹೆಸರಿನ ಅರ್ಥ ಹಡಗಿನ ಚುಕ್ಕಾಣಿ ಹಿಡಿಯುವವ. ಈ ಅಪ್ಲಿಕೇಶನ್‌ನ ನಾಲ್ಕು ಪ್ರತಿ ಓಡುತ್ತಿರಬೇಕು ಅಂತ ಯಾಮಲ್ ಫೈಲಿನಲ್ಲಿ (ಸೆಟ್ಟಿಂಗ್ ಬರೆಯುವ ಸರಳ ಪಠ್ಯದ ಫೈಲು) ಬರೆದುಕೊಟ್ಟರೆ ಸಾಕು. ಬರೆದಿದ್ದಕ್ಕೂ ನಿಜವಾಗಿ ಓಡುತ್ತಿರುವುದಕ್ಕೂ ಅದು ಸದಾ ತಾಳೆ ನೋಡುತ್ತಿರುತ್ತದೆ. ಒಂದು ಕಡಿಮೆಯಾದರೆ ಇನ್ನೊಂದನ್ನು ಎಬ್ಬಿಸುತ್ತದೆ.

ಹೊಸ ವರ್ಷನ್ ಹಾಕುವುದಂತೂ ಈಗ ಭಯದ ಕೆಲಸವಲ್ಲ. ಹಳೇ ಪಾಡ್‌ಗಳನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸುತ್ತಾ ಹೋಗುತ್ತದೆ. ಹೊಸ ಪಾಡ್ ಕೆಲಸಕ್ಕೆ ಸಿದ್ಧವಾ ಅಂತ ನೋಡುವ ರೆಡಿನೆಸ್ ಪರೀಕ್ಷೆ ಪಾಸಾಗದಿದ್ದರೆ ಅಲ್ಲಿಗೇ ನಿಲ್ಲುತ್ತದೆ, ಉಳಿದ ಹಳೇ ಪಾಡ್‌ಗಳು ಗ್ರಾಹಕರನ್ನು ನೋಡಿಕೊಳ್ಳುತ್ತವೆ. ರೋಲೌಟ್ ಅನ್‌ಡೂ ಅಂತ ಕಮಾಂಡ್ ಕೊಟ್ಟರೆ ಹಿಂದಿನ ವರ್ಷನ್ ವಾಪಸ್. ಶುಕ್ರವಾರ ಸಂಜೆಯೂ ಡಿಪ್ಲಾಯ್ ಮಾಡುತ್ತೇವೆ.

ಆದರೆ ನಾವು ತಪ್ಪು ಹೇಳಿಕೊಟ್ಟರೆ ಅದನ್ನೂ ಅಷ್ಟೇ ನಿಷ್ಠೆಯಿಂದ ಮಾಡುತ್ತದೆ. ಎರಡನೇ ವರ್ಷ ಹಾಗೇ ಆಯ್ತು. ಪಾಡ್ ಬದುಕಿದೆಯಾ ಅಂತ ನೋಡುವ ಲೈವ್‌ನೆಸ್ ಪರೀಕ್ಷೆಯೊಳಗೆ ಡೇಟಾಬೇಸ್‌ಗೆ ಒಂದು ಕ್ವೆರಿ ಹಾಕಿಟ್ಟಿದ್ದೆವು. ಒಂದು ಮಧ್ಯಾಹ್ನ ಡೇಟಾಬೇಸ್ ಸ್ವಲ್ಪ ನಿಧಾನವಾಯಿತು. ಪರೀಕ್ಷೆ ಹತ್ತು ಸೆಕೆಂಡಿಗೊಮ್ಮೆ, ಸಾಲಾಗಿ ಮೂರು ಸಲ ಫೇಲಾದರೆ ರೀಸ್ಟಾರ್ಟ್. ಹನ್ನೆರಡು ಪಾಡ್‌ಗಳೂ ಹೆಚ್ಚುಕಡಿಮೆ ಒಟ್ಟಿಗೇ ಬಿದ್ದವು. ಎದ್ದ ತಕ್ಷಣ ಎಲ್ಲವೂ ಒಟ್ಟಿಗೇ ಡೇಟಾಬೇಸ್ ಕನೆಕ್ಷನ್ ಕೇಳಿದವು, ಅದು ಇನ್ನೂ ಬಳಲಿತು. ಪರದೆಯ ತುಂಬಾ ಕ್ರ್ಯಾಶ್‌ಲೂಪ್‌ಬ್ಯಾಕ್ಆಫ್, ಅಂದರೆ ಪಾಡ್ ಮತ್ತೆ ಮತ್ತೆ ಬೀಳುತ್ತಿದೆ, ಸ್ವಲ್ಪ ಕಾದು ಎಬ್ಬಿಸುತ್ತೇನೆ ಅನ್ನುವ ಸಂದೇಶ. ಮರುಪ್ರಯತ್ನದ ನಡುವಿನ ಕಾಯುವಿಕೆ 10 ಸೆಕೆಂಡಿನಿಂದ ದುಪ್ಪಟ್ಟಾಗುತ್ತಾ ಐದು ನಿಮಿಷದವರೆಗೆ ಹೋಗುತ್ತದೆ. ಹಾಗಾಗಿ ಡೇಟಾಬೇಸ್ ಸರಿಹೋದ ಮೇಲೂ ಕೆಲವು ಪಾಡ್‌ಗಳು ಸುಮ್ನೆ ಕೂತಿದ್ದವು. ಸುಮಾರು ಐವತ್ತು ನಿಮಿಷ ಸೇವೆ ನಿಂತಿತ್ತು. ಈಗ ನಮ್ಮ ಲೈವ್‌ನೆಸ್ ಪರೀಕ್ಷೆ ಪ್ರೋಗ್ರಾಂ ಸಿಕ್ಕಿಹಾಕಿಕೊಂಡಿದೆಯಾ ಅಂತ ಮಾತ್ರ ಕೇಳುತ್ತದೆ. ಡೇಟಾಬೇಸ್ ಮೇಲೆ ಬೇರೆಯೇ ಅಲರ್ಟ್ ಇದೆ.

ಇನ್ನೊಂದು ಕಿರಿಕಿರಿಗೆ ಕಾರಣ ಹುಡುಕಲು ವಾರ ಹಿಡಿಯಿತು. ಪ್ರತಿ ಡಿಪ್ಲಾಯ್‌ನಲ್ಲೂ ನಾಲ್ಕೈದು 502 ಎರರ್‌ಗಳು (ಹಿಂದಿರುವ ಸರ್ವರ್‌ನಿಂದ ಸರಿಯಾದ ಉತ್ತರ ಬರಲಿಲ್ಲ ಅನ್ನುವುದು) ಬರುತ್ತಿದ್ದವು. ಪಾಡ್‌ಗೆ ನಿಲ್ಲು ಅಂತ ಹೇಳುವುದೂ, ಟ್ರಾಫಿಕ್ ಪಟ್ಟಿಯಿಂದ ಅದನ್ನು ತೆಗೆಯುವುದೂ ಏಕಕಾಲಕ್ಕೆ ನಡೆಯುತ್ತವೆ, ಒಂದಕ್ಕೊಂದು ಕಾಯುವುದಿಲ್ಲ. ಹಾಗಾಗಿ ನಿಂತ ಪಾಡ್‌ಗೂ ಸ್ವಲ್ಪ ಹೊತ್ತು ಟ್ರಾಫಿಕ್ ಬರುತ್ತಿತ್ತು. ಪ್ರೀಸ್ಟಾಪ್‌ನಲ್ಲಿ, ಅಂದರೆ ಪಾಡ್ ನಿಲ್ಲುವ ಮುಂಚಿನ ಹಂತದಲ್ಲಿ, ಐದು ಸೆಕೆಂಡ್ ಸ್ಲೀಪ್ (ಕಾಯುವಿಕೆ) ಹಾಕಿದೆವು. 502 ನಿಂತುಹೋದವು.

ಸರ್ವರ್ ಸತ್ತಾಗಲೂ ಪಾಡ್‌ಗಳು ಕೂಡಲೇ ಬೇರೆಡೆಗೆ ಹೋಗುತ್ತವೆ ಅಂದುಕೊಳ್ಳಬೇಡಿ. ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ, ಸರ್ವರ್ ಸುದ್ದಿಯಿಲ್ಲ ಅಂತ ಗೊತ್ತಾದ ಮೇಲೂ 300 ಸೆಕೆಂಡ್ ಕಾಯುತ್ತದೆ. ಮುಖ್ಯ ಸೇವೆಗಳಿಗೆ ನಾವು 30ಕ್ಕೆ ಇಳಿಸಿದ್ದೇವೆ.

ಅಪ್‌ಗ್ರೇಡ್ ಮಾತ್ರ ಮುಗಿಯದ ಕೆಲಸ. ವರ್ಷಕ್ಕೆ ಮೂರು ವರ್ಷನ್ ಬರುತ್ತವೆ, ಒಂದೊಂದಕ್ಕೂ ಬೆಂಬಲ ಸುಮಾರು 14 ತಿಂಗಳು. 2022ರಲ್ಲಿ 1.24 ಬಂದಾಗ ಅಪ್ಲಿಕೇಶನ್‌ಗಳನ್ನು ಓಡಿಸುವ ಡಾಕರ್ ಎಂಬ ತಂತ್ರಾಂಶಕ್ಕೆ ಕೊಂಡಿಯಾಗಿದ್ದ ಡಾಕರ್‌ಶಿಮ್ ತೆಗೆದುಹಾಕಿದರು, ನಮಗೆ ಮೂರು ವಾರದ ಕೆಲಸ ಬಿತ್ತು. ಒಂದು ಅಪ್ಲಿಕೇಶನ್, ಎರಡು ಸರ್ವರ್, ಇಬ್ಬರು ಎಂಜಿನಿಯರ್‌ಗಳು ಇರುವ ಕಡೆ ಕುಬರ್ನೆಟೀಸ್ ಬೇಡ ಅಂತಲೇ ಹೇಳುತ್ತೇನೆ. ಹತ್ತಾರು ಸೇವೆಗಳಿದ್ದರೆ ಖಂಡಿತ ತಗೊಳ್ಳಿ.

ತಗೊಂಡ ಮೇಲೆ ತಿಂಗಳಿಗೊಂದು ಸಲ ಹಗಲು ಹೊತ್ತಿನಲ್ಲಿ ಬೇಕಂತಲೇ ಒಂದು ಸರ್ವರ್ ಆಫ್ ಮಾಡಿ ನೋಡಿ. ಕಳೆದ ತಿಂಗಳು ನಾವು ಮಾಡಿದಾಗ ಒಂದು ಸೇವೆಯ ಮೂರೂ ಪ್ರತಿಗಳು ಅದೇ ಸರ್ವರ್ ಮೇಲಿದ್ದಿದ್ದು ಗೊತ್ತಾಯಿತು. ಪ್ರತಿಗಳನ್ನು ಬೇರೆ ಬೇರೆ ಸರ್ವರ್‌ಗೆ ಹಂಚುವ ನಿಯಮವನ್ನು ಆ ಸಂಜೆಯೇ ಯಾಮಲ್‌ಗೆ ಸೇರಿಸಿದೆವು.