ಅಲರ್ಜಿಗೆಂದು ಮೂರು ತಿಂಗಳು ನುಂಗಿದ ಪ್ರೋಬಯಾಟಿಕ್ ಕ್ಯಾಪ್ಸೂಲ್

ಬೆಂಗಳೂರಿಗೆ ಬಂದ ಮೇಲೆ ಅಂಟಿಕೊಂಡ ಧೂಳಿನ ಅಲರ್ಜಿ ನನ್ನದು. ಬೆಳಿಗ್ಗೆ ಮನೆಯಲ್ಲಿ ಕಸ ಗುಡಿಸಲು ಆರಂಭಿಸಿದರೆ ಸಾಕು, ಒಂದರ ಹಿಂದೊಂದು ಹತ್ತು ಹನ್ನೆರಡು ಸೀನು ಬಂದು, ಕಣ್ಣು ತುರಿಸಿ, ಮೂಗು ಕಟ್ಟಿಬಿಡುತ್ತದೆ. ವೈದ್ಯರು ಬರೆದುಕೊಟ್ಟ ಮೂಗಿನ ಸ್ಪ್ರೇಯಿಂದ ಅದು ಹತೋಟಿಯಲ್ಲಿದ್ದರೂ, ಕರುಳಿನ ಬ್ಯಾಕ್ಟೀರಿಯಾವನ್ನು ಸರಿಪಡಿಸಿ ಅಲರ್ಜಿಯನ್ನು ಬುಡದಿಂದಲೇ ನಿವಾರಿಸುತ್ತದೆ ಎಂಬ ಜಾಹೀರಾತನ್ನು ನಂಬಿ, ಜೀವಂತ ಬ್ಯಾಕ್ಟೀರಿಯಾಗಳನ್ನು ತುಂಬಿದ ಪ್ರೋಬಯಾಟಿಕ್ ಕ್ಯಾಪ್ಸೂಲ್‌ಗಳನ್ನು, ಮೂವತ್ತರ ಡಬ್ಬಿಗೆ ಸುಮಾರು ಒಂಬೈನೂರು ರೂಪಾಯಿಯಂತೆ ಮೂರು ಡಬ್ಬಿಗಳನ್ನು ತರಿಸಿದೆ.

ಜಾಹೀರಾತಿನ ಹಿಂದಿರುವ ವಿಚಾರ ಪೊಳ್ಳಲ್ಲ. ದೇಹದ ರೋಗನಿರೋಧಕ ಕೋಶಗಳಲ್ಲಿ ದೊಡ್ಡ ಪಾಲು ಕರುಳಿನ ಗೋಡೆಯಲ್ಲೇ ಇದ್ದು, ಅಲ್ಲಿನ ಸೂಕ್ಷ್ಮಜೀವಿಗಳೊಡನೆ ಸದಾ ಒಡನಾಡುತ್ತವೆ. ಫಿನ್‌ಲೆಂಡಿನ ಟುರ್ಕು ನಗರದ ಸಂಶೋಧಕರು, ಅಲರ್ಜಿಯ ಹಿನ್ನೆಲೆಯುಳ್ಳ ಕುಟುಂಬಗಳ ಗರ್ಭಿಣಿಯರಿಗೂ ಹುಟ್ಟಿದ ಮೇಲೆ ಆರು ತಿಂಗಳ ಕಾಲ ಶಿಶುಗಳಿಗೂ ಲ್ಯಾಕ್ಟೋಬ್ಯಾಸಿಲಸ್ ಜಿಜಿ ಎಂಬ ಬ್ಯಾಕ್ಟೀರಿಯಾ ತಳಿಯನ್ನು (ತಳಿಯೆಂದರೆ ಒಂದು ಪ್ರಭೇದದೊಳಗಿನ ನಿರ್ದಿಷ್ಟ ಬಗೆ) ಕೊಟ್ಟು ನೋಡಿ, ಎರಡು ವರ್ಷ ತುಂಬುವಾಗ ಎಕ್ಸಿಮಾ ಎಂಬ ತುರಿಕೆಯ ಚರ್ಮರೋಗ ಅದನ್ನು ಪಡೆಯದ ಗುಂಪಿನ ಶೇ. 46ರಷ್ಟು ಮಕ್ಕಳಲ್ಲಿ ಕಂಡರೆ, ಪಡೆದ ಗುಂಪಿನ ಶೇ. 23ರಷ್ಟು ಮಕ್ಕಳಲ್ಲಿ ಮಾತ್ರ ಕಂಡಿತೆಂದು 2001ರಲ್ಲಿ ಪ್ರಕಟಿಸಿದರು. ಆದರೆ ಅದೇ ತಳಿಯನ್ನು ಬಳಸಿ ಜರ್ಮನಿಯಲ್ಲಿ ನಡೆದ, 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆ ಲಾಭ ಕಾಣಲಿಲ್ಲ. ಈಗಾಗಲೇ ಇರುವ ಎಕ್ಸಿಮಾದ ಚಿಕಿತ್ಸೆಯಲ್ಲಿ ಪ್ರೋಬಯಾಟಿಕ್‌ಗಳಿಂದ ಹೆಚ್ಚೇನೂ ವ್ಯತ್ಯಾಸವಾಗದು ಎಂದೇ ಹಲವು ಅಧ್ಯಯನಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2018ರ ಪರಿಶೀಲನೆಯೂ ಹೇಳಿತು. ಒಂದು ತಳಿಯಿಂದ ಕಂಡ ಗುಣವನ್ನು ಇನ್ನೊಂದರ ಮೇಲೆ, ಶಿಶುವಿನಲ್ಲಿ ಕಂಡದ್ದನ್ನು ನಲವತ್ತು ದಾಟಿದವರ ಮೇಲೆ ಹೊರಿಸಲಾಗದು.

ಹಾಗಾಗಿಯೇ ಈ ಡಬ್ಬಿಯ ಲೇಬಲ್ ನನಗೆ ಬೇಸರ ತರಿಸಿತು. ಐದು ಬ್ಯಾಕ್ಟೀರಿಯಾಗಳ ಪ್ರಭೇದದ ಹೆಸರುಗಳಿವೆ. ತಳಿಯನ್ನು ಗುರುತಿಸುವ ಅಕ್ಷರವಾಗಲಿ ಸಂಖ್ಯೆಯಾಗಲಿ ಒಂದಕ್ಕೂ ಇಲ್ಲ. ಒಟ್ಟು ಸಾವಿರ ಕೋಟಿ ಜೀವಾಣುಗಳೆಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೆ, ಅದು ತಯಾರಿಕೆಯ ದಿನದ ಲೆಕ್ಕವೆಂಬ ಮಾತು ಕೆಳಗೆ ಸಾಸಿವೆಯಷ್ಟು ಸಣ್ಣ ಅಕ್ಷರಗಳಲ್ಲಿದೆ. ತಳಿಯ ಹೆಸರನ್ನೂ ಅವಧಿ ಮುಗಿಯುವಾಗ ಉಳಿದಿರುವ ಜೀವಾಣುಗಳ ಸಂಖ್ಯೆಯನ್ನೂ ನಮೂದಿಸಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2011ರ ಮಾರ್ಗಸೂಚಿಯೇ ಹೇಳಿದೆ. ತಂಪಾದ ಜಾಗದಲ್ಲಿಡಿ ಎಂದು ಬರೆದಿದ್ದ ಎರಡನೆಯ ಡಬ್ಬಿಯಂತೂ ಏಪ್ರಿಲ್ ಬಿಸಿಲಿನಲ್ಲಿ ಬಂದು, ಕೈಗೆ ಬೆಚ್ಚಗೆ ತಾಗುತ್ತಿತ್ತು.

ಪರಿಣಾಮದ ವಿಷಯಕ್ಕೆ ಬಂದರೆ, ಮೊದಲ ವಾರ ಹೊಟ್ಟೆ ಉಬ್ಬರಿಸಿತು, ಆಮೇಲೆ ಮಲಬದ್ಧತೆ ನಿಜಕ್ಕೂ ಕಡಿಮೆಯಾಯಿತು. ಸೀನು ಮಾತ್ರ ಇದ್ದ ಹಾಗೆಯೇ ಇತ್ತು. ಕ್ಯಾಲೆಂಡರಿನಲ್ಲಿ ಪ್ರತಿದಿನ ಗುರುತು ಹಾಕುತ್ತಾ ಬಂದ ನನಗೆ, ಮೊದಲ ತಿಂಗಳಿಗೂ ಮೂರನೆಯ ತಿಂಗಳಿಗೂ ಅಂತರ ಕಾಣಲಿಲ್ಲ. ನಡುವೆ ಸ್ಪ್ರೇ ನಿಲ್ಲಿಸಿದ ನಾಲ್ಕು ದಿನ ರಾತ್ರಿ ನಿದ್ದೆಯೇ ಇಲ್ಲದಂತಾಯಿತು. ಆ ತಪ್ಪನ್ನು ಯಾರೂ ಮಾಡಬೇಡಿ. ರೋಗನಿರೋಧಕ ಶಕ್ತಿ ತೀರಾ ಕುಗ್ಗಿರುವವರು ವೈದ್ಯರನ್ನು ಕೇಳದೆ ಇಂಥ ಕ್ಯಾಪ್ಸೂಲ್ ಸೇವಿಸುವುದು ಅಪಾಯಕಾರಿ ಎಂಬ ಎಚ್ಚರಿಕೆಯೂ ಡಬ್ಬಿಯ ಮೇಲಿರಬೇಕಿತ್ತು.

ಅಲರ್ಜಿಗೆಂದು ಕೊಳ್ಳುವುದಾದರೆ ಇದಕ್ಕೆ ಐದರಲ್ಲಿ ಒಂದೂವರೆ ಅಂಕ ಕೊಡುತ್ತೇನೆ. ತಳಿಗಳ ವಿವರ ಕೇಳಿ ಕಂಪನಿಗೆ ಎರಡು ಬಾರಿ ಬರೆದೆ. ಎರಡು ಬಾರಿಯೂ ಬಂದದ್ದು ಅದೇ ಜಾಹೀರಾತಿನ ಪ್ರತಿ.