ಬೆರಳು ಜೋಮಿಗೆ ಎನ್‌ಸಿವಿ ಟೆಸ್ಟ್: ಶಿವಮೊಗ್ಗದಲ್ಲಿ ಮಾಡಿಸಿದ ಅನುಭವ

ರಾತ್ರಿ ಬೆರಳು ಜೋಮು ಹಿಡಿದು ಎಚ್ಚರ ಆಗುತ್ತೆ, ಹಿಡಿದ ಲೋಟ ಕೈಯಿಂದ ಜಾರುತ್ತೆ ಅಂತ ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಕೊಂಡು ಕೂತವರು ನಮ್ಮ ಮಲೆನಾಡಿನ ಕಡೆ ಬೇಕಾದಷ್ಟು ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನರದಲ್ಲಿ ಸಂಕೇತ ಎಷ್ಟು ವೇಗವಾಗಿ ಓಡುತ್ತದೆ ಅಂತ ಅಳೆಯುವ ಎನ್‌ಸಿವಿ ಟೆಸ್ಟ್ ಶಿವಮೊಗ್ಗದಲ್ಲೇ ಆಗುತ್ತದೆ, ಅದಕ್ಕಾಗಿ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಬೇಕಿಲ್ಲ. ನಮ್ಮ ಅತ್ತೆಗೆ ಈ ಮಳೆಗಾಲದಲ್ಲಿ ಮಾಡಿಸಿದೆವು. ಎರಡೂ ಕೈಗೆ ಸೇರಿ 2,500 ರೂಪಾಯಿ ಆಯಿತು. ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಕ್ಲಿನಿಕ್ಕಿನ ಹೆಸರು ಹಾಕುತ್ತಿಲ್ಲ, ನಾನು ಹೇಳಬೇಕಿರುವುದು ಟೆಸ್ಟ್ ಬಗ್ಗೆ.

ಅತ್ತೆಯವರದು ತೀರ್ಥಹಳ್ಳಿ ಹತ್ತಿರದ ಅಡಿಕೆ ತೋಟದ ಮನೆ. ಕೊಯ್ಲು ಶುರುವಾದರೆ ರಾತ್ರಿ ಹನ್ನೊಂದರ ತನಕ ಮೆಟ್ಟುಗತ್ತಿ ಮುಂದೆ ಕೂರುತ್ತಾರೆ. ಹಸಿ ಅಡಿಕೆಯನ್ನು ಬಿಗಿಯಾಗಿ ಹಿಡಿದು, ಕತ್ತಿಗೆ ಒತ್ತಿ, ಮಣಿಕಟ್ಟು ತಿರುವಿ ಸಿಪ್ಪೆ ಬಿಡಿಸುವುದು. ಒಂದೇ ಚಲನೆ, ಒಂದೇ ಜಾಗಕ್ಕೆ ಒತ್ತಡ, ವರ್ಷಾನುಗಟ್ಟಲೆ. ಕಳೆದ ಸುಗ್ಗಿಯಿಂದ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು. ನಡುರಾತ್ರಿ ಎದ್ದು ಕೈ ಕೊಡವಿದರೆ ಸ್ವಲ್ಪ ಹಗುರ. ಒಬ್ಬ ಡಾಕ್ಟರು ಕುತ್ತಿಗೆ ಎಕ್ಸ್‌ರೇ ತೆಗೆಸಿ, ಮೂಳೆ ಸವೆದಿದೆ ಅಂತ ಕೊರಳಿಗೆ ಪಟ್ಟಿ ಹಾಕಿಸಿದರು. ಇನ್ನೊಂದು ಕಡೆ ಬಿ12 ಮಾತ್ರೆ ಕೊಟ್ಟರು. ಅರವತ್ತು ದಾಟಿದ ಯಾರ ಕುತ್ತಿಗೆಯ ಎಕ್ಸ್‌ರೇ ತೆಗೆದರೂ ಸವೆತ ಕಾಣುವುದೇ ಜಾಸ್ತಿ. ಆದರೆ ಜೋಮಿಗೆ ಅದೇ ಕಾರಣ ಅಂತ ಹೇಳಲಿಕ್ಕೆ ಅಷ್ಟು ಸಾಲದು, ಅಲ್ವಾ?

ಶಿವಮೊಗ್ಗದ ನರರೋಗ ತಜ್ಞರು ಕೇಳಿದ ಮೊದಲ ಪ್ರಶ್ನೆ, "ಕಿರುಬೆರಳು ಜೋಮು ಹಿಡಿಯುತ್ತಾ ಅಮ್ಮ?" ಇಲ್ಲ ಅಂದರು ಅತ್ತೆ. ಆಮೇಲೆ ಉಂಗುರದ ಬೆರಳಿನ ಎರಡು ಬದಿಯನ್ನೂ ಹತ್ತಿಯಿಂದ ಸವರಿದರು. ಹೆಬ್ಬೆರಳ ಕಡೆಯ ಬದಿ ಮಂದ, ಕಿರುಬೆರಳ ಕಡೆಯ ಬದಿ ಸರಿ. ಒಂದೇ ಬೆರಳಿನ ಎರಡು ಬದಿಗೆ ಎರಡು ಬೇರೆ ನರ ಇವೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಹೆಬ್ಬೆರಳಿಂದ ಉಂಗುರದ ಬೆರಳಿನ ಅರ್ಧದವರೆಗೆ ಮೀಡಿಯನ್ ನರದ ಪಾಲು. ಉಳಿದರ್ಧ ಮತ್ತು ಕಿರುಬೆರಳು ಅಲ್ನಾರ್ ನರದ ಪಾಲು. ತೊಂದರೆ ಕುತ್ತಿಗೆಯದ್ದಾಗಿದ್ದರೆ ಉಂಗುರದ ಬೆರಳು ಹೀಗೆ ಸರಿಯಾಗಿ ಅರ್ಧಕ್ಕೆ ಸೀಳಿದಂತೆ ಮಂದವಾಗುವುದು ಅಪರೂಪವಂತೆ.

ಮಣಿಕಟ್ಟಿನಲ್ಲಿ ಕೆಳಗೆ ಮೂಳೆಗಳು, ಮೇಲೆ ಒಂದು ಗಟ್ಟಿ ಪಟ್ಟಿ. ನಡುವಿನ ಇಕ್ಕಟ್ಟು ದಾರಿಯೇ ಕಾರ್ಪಲ್ ಟನಲ್. ಬೆರಳು ಮಡಿಸುವ ಒಂಬತ್ತು ಸ್ನಾಯುರಜ್ಜುಗಳು, ಅವುಗಳ ಜೊತೆ ಮೀಡಿಯನ್ ನರ, ಎಲ್ಲ ಅದರೊಳಗೇ ಹೋಗಬೇಕು. ರಜ್ಜುಗಳ ಸುತ್ತಲಿನ ಪೊರೆ ಊದಿದರೆ ಒತ್ತು ಬೀಳುವುದು ನರಕ್ಕೆ. ನಿದ್ದೆಯಲ್ಲಿ ನಾವು ಮಣಿಕಟ್ಟು ಮಡಿಸಿಕೊಳ್ಳುತ್ತೇವೆ, ಒಳಗಿನ ಒತ್ತಡ ಇನ್ನೂ ಏರುತ್ತದೆ, ಅದಕ್ಕೇ ರಾತ್ರಿ ಹೊತ್ತು ಕಾಟ ಜಾಸ್ತಿ. ಅತ್ತೆಗೂ ಇದೇ ಆಗಿದೆಯಾ ಅಂತ ನೋಡಲು, ಎಷ್ಟು ಕೆಟ್ಟಿದೆ ಅಂತ ತಿಳಿಯಲು ಎನ್‌ಸಿವಿ ಬರೆದುಕೊಟ್ಟರು.

ಹೋಗುವವರಿಗೆ ಒಂದು ಮಾತು: ಅವತ್ತು ಕೈಗೆ ಎಣ್ಣೆ, ಕ್ರೀಮು ಹಚ್ಚಬೇಡಿ. ಬಳೆ, ಉಂಗುರ, ವಾಚು ಮನೆಯಲ್ಲೇ ಬಿಚ್ಚಿಡಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ. ಕೆಲವರಿಗೆ ಜೊತೆಯಲ್ಲಿ ಇಎಂಜಿ ಅಂತ ಸ್ನಾಯುವಿಗೆ ಸಣ್ಣ ಸೂಜಿ ಚುಚ್ಚಿ ನೋಡುತ್ತಾರೆ, ಹಾಗಾಗಿ ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರೂ ತಿಳಿಸಬೇಕು. ಅತ್ತೆಗೆ ಸೂಜಿ ಬೇಕಾಗಲಿಲ್ಲ. ಊಟ ಬಿಟ್ಟು ಹೋಗುವ ಅಗತ್ಯವೂ ಇಲ್ಲ.

ಟೆಸ್ಟ್ ಮಾಡಿದ ಹುಡುಗಿಯ ಕೆಲಸ ನನಗೆ ತುಂಬಾ ಹಿಡಿಸಿತು. ಪುನರ್ವಸು ಮಳೆ ಹೊಡೆಯುತ್ತಿತ್ತು, ಬಸ್ಸಿಳಿದು ನೆನೆದುಕೊಂಡೇ ಬಂದಿದ್ದೆವು. ಅವಳು ಅತ್ತೆಯ ಅಂಗೈ ಮುಟ್ಟಿ ನೋಡಿ, "ಅಮ್ಮ, ಕೈ ತಣ್ಣಗಿದೆ, ಹೀಗೇ ಮಾಡಿದ್ರೆ ಲೆಕ್ಕ ತಪ್ಪಾಗುತ್ತೆ" ಅಂದಳು. ಬಿಸಿನೀರಿನ ಚೀಲ ಕೊಟ್ಟು ಎರಡೂ ಕೈ ಬೆಚ್ಚಗೆ ಮಾಡಿಸಿದಳು, ಚರ್ಮದ ಶಾಖ 32 ಡಿಗ್ರಿ ದಾಟಿದ ಮೇಲೇ ಶುರು ಮಾಡಿದ್ದು. ಕೈ ಒಂದು ಡಿಗ್ರಿ ತಣ್ಣಗಾದರೆ ನರದ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಇಳಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತಣ್ಣನೆಯ ಕೈ ಹಾಗೇ ಕೊಟ್ಟರೆ ಚೆನ್ನಾಗಿರುವ ನರವೂ ರೋಗದ ನರದಂತೆ ಕಂಡೀತು. ನಿಮಗೆ ಮಾಡುವವರು ಕೈ ಬೆಚ್ಚಗೆ ಮಾಡದಿದ್ದರೆ ನೀವಾಗಿಯೇ ಕೇಳಿ. ಇದೊಂದರಲ್ಲಿ ಸಂಕೋಚ ಬೇಡ.

ಹೆಬ್ಬೆರಳ ಬುಡದ ಮಾಂಸದ ಮೇಲೆ ಒಂದು ಬಿಲ್ಲೆ ಅಂಟಿಸಿ, ಮಣಿಕಟ್ಟಿನಲ್ಲಿ ನರದ ಮೇಲೆ ಕಡ್ಡಿಯಂಥದ್ದನ್ನು ಒತ್ತಿ ಹಿಡಿದು, "ಸಣ್ಣ ಶಾಕ್ ಬರುತ್ತೆ, ಹೆದರಬೇಡಿ" ಅಂದಳು. ಹೆಬ್ಬೆರಳು ತಾನಾಗಿಯೇ ಟಕ್ಕನೆ ಒಳಗೆ ಎಗರಿತು. ಅತ್ತೆ "ಹಂದಿಗೆ ಹಾಕಿದ ಬೇಲಿ ಕರೆಂಟ್ ತಾಗಿದ ಹಾಗೆ ಆಯ್ತು ಮಾರಾಯ್ತಿ" ಅಂದರು. ಹೌದು, ಅಷ್ಟೇ ನೋವು. ಅದಕ್ಕಿಂತ ಜಾಸ್ತಿ ಇಲ್ಲ, ಆದರೆ ಮತ್ತೆ ಮತ್ತೆ ಬರುತ್ತದೆ, ಕೊಡುತ್ತಾ ಕೊಡುತ್ತಾ ಶಾಕಿನ ಬಲ ಏರಿಸುತ್ತಾರೆ, ನರದ ಎಲ್ಲ ಎಳೆಗಳೂ ಎದ್ದೇಳುವ ತನಕ.

ಆಮೇಲೆ ಅದೇ ನರಕ್ಕೆ ಮೊಣಕೈ ಹತ್ತಿರ ಶಾಕ್. ಹೆಬ್ಬೆರಳು ಮತ್ತೆ ಎಗರಿತು, ಈ ಸಲ ತುಸು ತಡವಾಗಿ. ಕಣ್ಣಿಗೆ ಆ ವ್ಯತ್ಯಾಸ ಕಾಣುವುದಿಲ್ಲ, ಕಂಪ್ಯೂಟರ್ ಪರದೆಯಲ್ಲಿ ಒಂದೊಂದು ಎಗರಿಕೆಗೆ ಒಂದೊಂದರಂತೆ ಎರಡು ಅಲೆ ಮಾತ್ರ ಕಾಣುತ್ತವೆ. ಎರಡು ಜಾಗದ ನಡುವಿನ ಅಂತರವನ್ನು ಬಟ್ಟೆ ಅಳೆಯುವ ಟೇಪಿನಲ್ಲಿ ಅಳೆದಳು: 22 ಸೆಂಟಿಮೀಟರ್. ಅಲೆಗಳ ನಡುವಿನ ಸಮಯ 4 ಮಿಲಿಸೆಕೆಂಡ್. ಭಾಗಿಸಿದರೆ ಸೆಕೆಂಡಿಗೆ 55 ಮೀಟರ್. ತೋಳಿನ ನರಕ್ಕೆ 50ರ ಮೇಲಿದ್ದರೆ ಸರಿ, ಅಂದರೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಅತ್ತೆಯ ನರ ಗಟ್ಟಿಮುಟ್ಟಾಗಿದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1850ರ ಸುಮಾರಿಗೆ ಕಪ್ಪೆಯ ಕಾಲಿನ ನರದಲ್ಲಿ ಮಾಡಿದ್ದೂ ಇದೇ ಲೆಕ್ಕ. ನರದ ವೇಗವನ್ನು ಯಾರೂ ಅಳೆಯಲಾರರು ಅಂತ ಅಂದುಕೊಂಡಿದ್ದ ಕಾಲದಲ್ಲಿ ಎರಡು ಜಾಗಕ್ಕೆ ಶಾಕ್ ಕೊಟ್ಟು ಸೆಕೆಂಡಿಗೆ ಸುಮಾರು 27 ಮೀಟರ್ ಅಂತ ಕಂಡುಹಿಡಿದರು. ಅದೇ ಉಪಾಯ ಈಗ ನಮ್ಮತ್ತೆಯ ಕೈ ಮೇಲೆ, ಒಂದು ಟೇಪು ಹಿಡಿದು! ನನಗಂತೂ ಅದನ್ನು ನೋಡಿ ಬಹಳ ಸಂತೋಷ ಆಯಿತು.

ತೊಂದರೆ ಸಿಕ್ಕಿದ್ದು ಮಣಿಕಟ್ಟಿನಿಂದ ಹೆಬ್ಬೆರಳ ಬುಡಕ್ಕೆ ಇರುವ ಗೇಣುದ್ದವೂ ಇಲ್ಲದ ದಾರಿಯಲ್ಲಿ. ಅಲ್ಲಿ 4 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಮುಟ್ಟಬೇಕಾದ ಸಂಕೇತಕ್ಕೆ 5.8 ಮಿಲಿಸೆಕೆಂಡ್ ಹಿಡಿಯಿತು. ಪಕ್ಕದ ಅಲ್ನಾರ್ ನರ ಸರಿಯಾಗಿತ್ತು. ಇಡೀ ತೋಳಿನಲ್ಲಿ ಕೆಟ್ಟಿರುವುದು ಆ ಒಂದೇ ತುಂಡು. ಕುತ್ತಿಗೆಗೆ ಹಾಕಿದ ಪಟ್ಟಿ ಅವತ್ತೇ ಬಿಚ್ಚಿಸಿದರು.

ತಡ ಯಾಕೆ ಆಗುತ್ತದೆ ಅನ್ನುವುದನ್ನು ಡಾಕ್ಟರು ಸಮಾಧಾನದಿಂದ ಹೇಳಿದರು. ನರದಲ್ಲಿ ಕರೆಂಟು ಮನೆಯ ತಂತಿಯಲ್ಲಿ ಹರಿದ ಹಾಗೆ ಹರಿಯುವುದಿಲ್ಲ. ಎಳೆಯ ಹೊರಗೆ ಸೋಡಿಯಂ ಜಾಸ್ತಿ, ಒಳಗೆ ಪೊಟ್ಯಾಸಿಯಂ ಜಾಸ್ತಿ, ಸುಮ್ನೆ ಇರುವಾಗ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕೆಳಗೆ. ಸಂಕೇತ ಬಂದ ಜಾಗದಲ್ಲಿ ಪೊರೆಯ ಬಾಗಿಲು ತೆರೆದು ಸೋಡಿಯಂ ಒಳನುಗ್ಗುತ್ತದೆ, ಹಿಂದೆಯೇ ಪೊಟ್ಯಾಸಿಯಂ ಹೊರಟು ಎಲ್ಲ ಮೊದಲಿನಂತಾಗುತ್ತದೆ, ಇಷ್ಟಕ್ಕೂ ಸುಮಾರು ಒಂದು ಮಿಲಿಸೆಕೆಂಡ್ ಸಾಕು. ಅಷ್ಟರಲ್ಲಿ ಮುಂದಿನ ಜಾಗದ ಬಾಗಿಲು ತೆರೆದಿರುತ್ತದೆ. ದಪ್ಪ ಎಳೆಗಳಿಗೆ ಮಯಲಿನ್ ಅನ್ನುವ ಕೊಬ್ಬಿನ ಹೊದಿಕೆ ಇರುವುದರಿಂದ ಸಂಕೇತ ಹೊದಿಕೆಯ ಒಂದು ಸಂದಿನಿಂದ ಇನ್ನೊಂದು ಸಂದಿಗೆ ಹಾರುತ್ತಾ ಹೋಗುತ್ತದೆ. ವೇಗ ಬರುವುದೇ ಅದರಿಂದ. ಒತ್ತು ಬಿದ್ದಾಗ ಮೊದಲು ಹಾಳಾಗುವುದೂ ಈ ಹೊದಿಕೆಯೇ, ಹಾಗಾಗಿ ಸಂಕೇತ ನಿಧಾನ. ಇನ್ನೂ ಬಿಟ್ಟರೆ ಎಳೆಯೇ ಸಾಯುತ್ತದೆ, ಆಗ ಪರದೆಯ ಅಲೆ ಗಿಡ್ಡವಾಗುತ್ತದೆ. ಸತ್ತ ಎಳೆ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್, ಅದೂ ಬೆಳೆದರೆ. ಅತ್ತೆಯದು ತಡ ಇತ್ತು, ಆದರೆ ಅಲೆಯ ಎತ್ತರ ಚೆನ್ನಾಗಿತ್ತು. "ಸರಿಯಾದ ಹೊತ್ತಿಗೆ ಬಂದಿದ್ದೀರಿ" ಅಂದರು. ಆಪರೇಷನ್ ಮಾತು ಸದ್ಯಕ್ಕೆ ಇಲ್ಲ.

ಈ ಟೆಸ್ಟಿಗೆ ಒಂದು ಮಿತಿ ಇದೆ, ಅದನ್ನು ಹೇಳಲೇಬೇಕು. ಇದು ದಪ್ಪ, ವೇಗದ ಎಳೆಗಳನ್ನು ಮಾತ್ರ ನೋಡುತ್ತದೆ. ಉರಿ, ಬಿಸಿ, ಮಂದನೋವು ಸಾಗಿಸುವ ಸಣ್ಣ ಎಳೆಗಳಿಗೆ ಹೊದಿಕೆ ಇಲ್ಲ, ಅವುಗಳಲ್ಲಿ ಸಂಕೇತ ಸೆಕೆಂಡಿಗೆ ಒಂದೆರಡು ಮೀಟರ್ ಅಷ್ಟೇ ಸಾಗುತ್ತದೆ, ಈ ಯಂತ್ರಕ್ಕೆ ಅದು ಕಾಣುವುದೇ ಇಲ್ಲ. ಸಕ್ಕರೆ ಕಾಯಿಲೆಯವರಿಗೆ ಅಂಗಾಲು ಉರಿಯುತ್ತಿದ್ದೂ ಎನ್‌ಸಿವಿ ನಾರ್ಮಲ್ ಬರಬಹುದು. ವರದಿ ನಾರ್ಮಲ್ ಬಂತು, ನಿನ್ನ ಉರಿಯೆಲ್ಲ ಸುಳ್ಳು ಅಂತ ಮನೆಯ ಹಿರಿಯರಿಗೆ ದಯವಿಟ್ಟು ಹೇಳಬೇಡಿ.

ಸೇವೆಯಲ್ಲಿ ಕೊರತೆ ಎರಡು. ಲ್ಯಾಬ್ ಇರುವುದು ಮೊದಲನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಕೈಕಾಲಿನ ನರದ ತೊಂದರೆ ಇರುವವರೇ ಬರುವ ಜಾಗದಲ್ಲಿ ಕಂಬಿ ಹಿಡಿದು ಮೆಟ್ಟಿಲು ಹತ್ತಿಸುವುದು ಸರಿಯಲ್ಲ. ನಮ್ಮ ಮುಂದೆಯೇ ಒಬ್ಬ ಅಜ್ಜನನ್ನು ಮೊಮ್ಮಗ ಎತ್ತಿಕೊಂಡು ಹೋದ. ಎರಡನೆಯದು, ವರದಿ ಪೂರ್ತಿ ಇಂಗ್ಲಿಷ್, ತುಂಬಾ ಸಂಕ್ಷಿಪ್ತ ಅಕ್ಷರಗಳು. ಕೊನೆಯಲ್ಲಿ ಎರಡು ಸಾಲು ಕನ್ನಡದಲ್ಲಿ, ಯಾವ ನರ, ಎಲ್ಲಿ, ಎಷ್ಟು ಅಂತ ಬರೆದುಕೊಟ್ಟರೆ ಏನು ಖರ್ಚು? ಡಾಕ್ಟರ ಬಳಿ ಕೂತು ಕೇಳಲು ಧೈರ್ಯ ಇಲ್ಲದವರು ಆ ಕಾಗದವನ್ನು ಹಾಗೇ ಮಡಿಸಿ ಟ್ರಂಕಿನಲ್ಲಿ ಇಡುತ್ತಾರೆ. ಕಾಯುವುದು ಎರಡು ಗಂಟೆ ಆಯಿತು, ಅದು ಎಲ್ಲ ಕಡೆ ಇರುವುದೇ.

ಈಗ ಅತ್ತೆ ರಾತ್ರಿ ಮಲಗುವಾಗ ಮಣಿಕಟ್ಟಿಗೆ ಒಳಗೆ ಲೋಹದ ಪಟ್ಟಿ ಇರುವ ಸ್ಪ್ಲಿಂಟ್ ಕಟ್ಟಿಕೊಳ್ಳುತ್ತಾರೆ. ಬರೀ ಎಲಾಸ್ಟಿಕ್ ಪಟ್ಟಿ ತರಬೇಡಿ, ಅದು ಮಣಿಕಟ್ಟನ್ನು ನೇರವಾಗಿ ಹಿಡಿದಿಡುವುದಿಲ್ಲ. ಸಕ್ಕರೆ, ಥೈರಾಯ್ಡ್ ಎರಡನ್ನೂ ಪರೀಕ್ಷೆ ಮಾಡಿಸಿದರು, ಅವು ಏರುಪೇರಾದರೂ ಈ ನರಕ್ಕೆ ಒತ್ತು ಬೀಳುತ್ತದಂತೆ. ನಡುರಾತ್ರಿ ಏಳುವುದು ಕಡಿಮೆಯಾಗಿದೆ, ತೋರುಬೆರಳ ತುದಿ ಮಾತ್ರ ಇನ್ನೂ ಮಂದ. ಸ್ಪ್ಲಿಂಟಿಗೆ ಬಗ್ಗದಿದ್ದರೆ ಮಣಿಕಟ್ಟಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವ ಮಾತಿದೆ. ಕೊಯ್ಲಿಗೆ ಮೊದಲು ಇನ್ನೊಮ್ಮೆ ಬಲಗೈ ಒಂದಕ್ಕೇ ಟೆಸ್ಟ್ ಮಾಡಿಸಲು ಹೇಳಿದ್ದಾರೆ, ಆ 5.8 ಎಷ್ಟಕ್ಕೆ ಇಳಿದಿದೆ ಅಂತ ನೋಡಬೇಕು. ಈ ವರ್ಷ ಸುಲಿಯಲು ಆಳುಗಳನ್ನು ಮಾತಾಡಿಸಿದ್ದೇವೆ.